ತೀರ್ಪು ದೇವರದೇ, ಅದನ್ನು ಓದಿ ಹೇಳುವವರು ಯಾರು?

ಇಂದಿನ ಮಾತಿಗೆ ಕೊಟ್ಟಿರುವ ವಿಷಯ ಇಸ್ಲಾಮಿನ ಇತಿಹಾಸದಲ್ಲಿ ಉಗ್ರವಾದ ಮತ್ತು ಸುಧಾರಣೆ. ಹದಿನಾಲ್ಕು ಶತಮಾನಗಳ ಚರಿತ್ರೆಯನ್ನು ಒಂದು ಸಂಜೆಯಲ್ಲಿ ಹೇಳಿ ಮುಗಿಸಲು ಹೊರಟರೆ ಹೆಸರು ಮತ್ತು ಇಸವಿಗಳ ಪಟ್ಟಿಯಷ್ಟೇ ನಿಮ್ಮ ಪಾಲಿಗೆ ಉಳಿಯುತ್ತದೆ. ಆದ್ದರಿಂದ ಒಂದೇ ಒಂದು ಪದದ ಬೆನ್ನು ಹಿಡಿದು ಹೋಗುತ್ತೇನೆ. ಆ ಪದ ‘ತಕ್ಫೀರ್’. ತನ್ನನ್ನು ಮುಸ್ಲಿಮನೆಂದು ಹೇಳಿಕೊಳ್ಳುವವನಿಗೆ ಇನ್ನೊಬ್ಬ ಮುಸ್ಲಿಮನು ‘ನೀನು ಕಾಫಿರ’ ಎಂದು ಘೋಷಿಸುವುದಕ್ಕೆ ಅರಬ್ಬಿಯಲ್ಲಿರುವ ಹೆಸರು ಇದು.

‘ಕಾಫಿರ್’ ಎಂಬ ಪದದ ಧಾತುವಿಗೆ ಮೊದಲಿನ ಅರ್ಥ ‘ಮುಚ್ಚುವುದು’. ಬೀಜವನ್ನು ಮಣ್ಣಿನಲ್ಲಿ ಮುಚ್ಚುವ ರೈತರನ್ನೂ ಕುರ್‌ಆನ್ ಒಂದು ಕಡೆ ಇದೇ ಧಾತುವಿನಿಂದ ಹುಟ್ಟಿದ ಪದದಿಂದ ಕರೆಯುತ್ತದೆ. ಉಪಕಾರವನ್ನು ಮುಚ್ಚಿಡುವವನು ಕೃತಘ್ನ, ಸತ್ಯವನ್ನು ಮುಚ್ಚಿಡುವವನು ಅವಿಶ್ವಾಸಿ. ಈ ಎರಡು ಅರ್ಥಗಳ ನಡುವಿನ ಅಂತರ ಬರಿಯ ನಿಘಂಟಿನ ಸಂಗತಿಯೆಂದು ತೋರಬಹುದು. ಅದು ಸಾವಿರಾರು ಜೀವಗಳನ್ನು ಉಳಿಸಿದ ಅಂತರ ಎಂಬುದು ಮುಂದೆ ತಿಳಿಯುತ್ತದೆ.

ಸುಧಾರಣೆಯ ಬಗೆಗೂ ಒಂದು ಮಾತನ್ನು ಮೊದಲೇ ಹೇಳಬೇಕು. ಪ್ರತಿ ಶತಮಾನದ ತಲೆಯಲ್ಲೂ ಧರ್ಮವನ್ನು ನವೀಕರಿಸುವವರನ್ನು ದೇವರು ಕಳುಹಿಸುತ್ತಾನೆ ಎಂಬ ಅರ್ಥದ ಒಂದು ಹದೀಸ್, ಎಂದರೆ ಪ್ರವಾದಿಯವರ ಮಾತೆಂದು ಪರಂಪರೆ ಉಳಿಸಿಕೊಂಡು ಬಂದ ವಚನ, ಇದೆ. ಆ ನವೀಕರಣಕ್ಕೆ ‘ತಜ್ದೀದ್’ ಎನ್ನುತ್ತಾರೆ. ಹೀಗಾಗಿ ಇಸ್ಲಾಮಿನಲ್ಲಿ ಸುಧಾರಣೆ ಎಂದರೆ ಬಹುಮಟ್ಟಿಗೆ ಮೂಲಕ್ಕೆ ಹಿಂದಿರುಗುವುದು, ಕಾಲಾಂತರದಲ್ಲಿ ಕಟ್ಟಿಕೊಂಡ ಪಾಚಿಯನ್ನು ತೆಗೆಯುವುದು. ನಮ್ಮ ಪತ್ರಿಕೆಗಳು ‘ಮೂಲಭೂತವಾದಿ’ ಮತ್ತು ‘ಸುಧಾರಕ’ ಎಂಬ ಪದಗಳನ್ನು ಎದುರುಬದುರಾಗಿ ನಿಲ್ಲಿಸುತ್ತವೆ. ಆದರೆ ಇಬ್ಬರೂ ಹೊರಡುವುದು ಒಂದೇ ಬಾಗಿಲಿನಿಂದ. ಮೂಲವನ್ನು ತಾನು ಕಂಡೆನೆಂದು ನಂಬಿದವನು ಹಾಗೆ ಕಾಣದ ನೆರೆಯವನನ್ನು ಏನು ಮಾಡುತ್ತಾನೆ ಎಂಬಲ್ಲಿ ಅವರ ದಾರಿಗಳು ಕವಲೊಡೆಯುತ್ತವೆ ಎಂಬುದು ನನ್ನ ತಿಳಿವಳಿಕೆ.

ಕ್ರಿ.ಶ. 657. ಪ್ರವಾದಿಯವರು ತೀರಿಕೊಂಡು ಕಾಲು ಶತಮಾನವಾಗಿತ್ತು. ಮೂರನೆಯ ಖಲೀಫ ಉಸ್ಮಾನರನ್ನು ಹಿಂದಿನ ವರ್ಷವಷ್ಟೇ ಮದೀನಾದಲ್ಲಿ ಬಂಡಾಯಗಾರರು ಕೊಂದಿದ್ದರು. ನಾಲ್ಕನೆಯ ಖಲೀಫ ಅಲಿಯವರ ಸೇನೆ ಮತ್ತು ಸಿರಿಯಾದ ಅಧಿಪತಿ ಮುಆವಿಯಾರ ಸೇನೆ ಯೂಫ್ರೆಟಿಸ್ ನದಿಯ ದಡದ ಸಿಫ್ಫೀನ್ ಎಂಬಲ್ಲಿ ಎದುರಾದವು. ಸೋಲು ಹತ್ತಿರವಾದಾಗ ಮುಆವಿಯಾರ ಸೈನಿಕರು ಭರ್ಜಿಗಳ ತುದಿಗೆ ಕುರ್‌ಆನ್‌ನ ಹಾಳೆಗಳನ್ನು ಕಟ್ಟಿ ಎತ್ತಿ ಹಿಡಿದರು. ನಮ್ಮ ನಡುವೆ ಈ ಗ್ರಂಥವೇ ತೀರ್ಮಾನಿಸಲಿ ಎಂದರು. ಅಲಿಯವರು ಮನಸ್ಸಿಲ್ಲದೆಯೇ ಮಧ್ಯಸ್ಥಿಕೆಗೆ ಒಪ್ಪಿದರು. ಎರಡೂ ಕಡೆಯಿಂದ ಒಬ್ಬೊಬ್ಬ ಮಧ್ಯಸ್ಥನ ನೇಮಕವಾಯಿತು. ಆಗ ಅಲಿಯವರ ಸೇನೆಯದೇ ಒಂದು ಗುಂಪು ‘ತೀರ್ಪು ದೇವರದು ಮಾತ್ರ’ ಎಂದು ಕೂಗಿ ಹೊರನಡೆಯಿತು. ಮನುಷ್ಯರನ್ನು ಮಧ್ಯಸ್ಥರನ್ನಾಗಿ ಮಾಡಿದ್ದೇ ಪಾಪ, ಪಾಪ ಮಾಡಿದ ಅಲಿಯೂ ಕಾಫಿರ, ಮುಆವಿಯಾನೂ ಕಾಫಿರ ಎಂಬುದು ಅವರ ವಾದ. ಹೊರಹೋದವರು ಎಂಬ ಅರ್ಥದಲ್ಲಿ ಅವರಿಗೆ ‘ಖಾರಿಜಿ’ಗಳೆಂಬ ಹೆಸರು ಬಂತು.

ಆ ಘೋಷಣೆಯನ್ನು ಕೇಳಿದ ಅಲಿಯವರು ‘ಸತ್ಯವಾದ ಮಾತು, ಆದರೆ ಅದರಿಂದ ಬಯಸುತ್ತಿರುವುದು ಅಸತ್ಯ’ ಎಂದರಂತೆ. ಕುರ್‌ಆನ್ ಎರಡು ರಟ್ಟುಗಳ ನಡುವಿನ ಬರಹ, ಅದು ತಾನಾಗಿ ಮಾತನಾಡುವುದಿಲ್ಲ, ಅದರ ಪರವಾಗಿ ಮಾತನಾಡುವವರು ಮನುಷ್ಯರೇ ಎಂಬ ಮಾತೂ ಅವರದೆಂದು ಪರಂಪರೆ ಹೇಳುತ್ತದೆ. ಈ ಎರಡು ವಾಕ್ಯಗಳನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಇಸ್ಲಾಮಿನ ಒಳಗೆ ಉಗ್ರವಾದಕ್ಕೆ ಮುಂದೆ ಬಂದ ಉತ್ತರಗಳಲ್ಲಿ ಬಹುಪಾಲು ಈ ಎರಡರ ವಿಸ್ತರಣೆಯೇ.

ಖಾರಿಜಿಗಳು ಕಪಟಿಗಳಾಗಿರಲಿಲ್ಲ. ರಾತ್ರಿಯಿಡೀ ನಮಾಜು ಮಾಡಿ ಹಣೆಯಲ್ಲಿ ಜಡ್ಡುಗಟ್ಟಿದವರು ಎಂದು ಅವರ ವಿರೋಧಿಗಳೇ ವರ್ಣಿಸುತ್ತಾರೆ. ಹಳೆಯ ಇತಿಹಾಸಕಾರರು ಹೇಳುವ ಒಂದು ಪ್ರಸಂಗವಿದೆ. ಪ್ರವಾದಿಯವರ ಸಂಗಾತಿಯೊಬ್ಬರ ಮಗ ಅಬ್ದುಲ್ಲಾ ಇಬ್ನ್ ಖಬ್ಬಾಬ್ ತುಂಬು ಗರ್ಭಿಣಿ ಹೆಂಡತಿಯೊಡನೆ ಹೋಗುತ್ತಿದ್ದಾಗ ಅವರ ಕೈಗೆ ಸಿಕ್ಕಿಬೀಳುತ್ತಾರೆ. ದಾರಿಯಲ್ಲಿ ಮರದಿಂದ ಬಿದ್ದ ಒಂದು ಖರ್ಜೂರವನ್ನು ಅವರಲ್ಲೊಬ್ಬ ಬಾಯಿಗೆ ಹಾಕಿಕೊಂಡಾಗ, ಹಣ ಕೊಡದೆ ಪರರ ಹಣ್ಣು ತಿನ್ನುವುದೇ ಎಂದು ಉಳಿದವರು ಗದರಿಸುತ್ತಾರೆ, ಅವನು ಉಗುಳುತ್ತಾನೆ. ಇನ್ನೊಬ್ಬ ಯಾರದೋ ಹಂದಿಯನ್ನು ಕೊಂದಾಗ, ಮುಸ್ಲಿಮೇತರನಾದ ಅದರ ಒಡೆಯನನ್ನು ಹುಡುಕಿ ಸಮಾಧಾನಪಡಿಸುತ್ತಾರೆ. ಆಮೇಲೆ ಅಲಿಯ ಬಗ್ಗೆ ಏನು ಹೇಳುತ್ತೀಯೆಂದು ಅಬ್ದುಲ್ಲಾರನ್ನು ಕೇಳಿ, ಉತ್ತರ ಹಿಡಿಸಲಿಲ್ಲವೆಂದು ನೀರಿನ ದಂಡೆಯಲ್ಲಿ ಅವರನ್ನು ಕೊಲ್ಲುತ್ತಾರೆ, ಹೆಂಡತಿಯನ್ನೂ ಬಿಡುವುದಿಲ್ಲ. ಆ ಬಳಿಕ ಒಬ್ಬ ಕ್ರೈಸ್ತನಿಂದ ಖರ್ಜೂರ ಬೇಕೆಂದು ಬೆಲೆ ಕೇಳುತ್ತಾರೆ. ಅವನು ಸುಮ್ಮನೆ ತೆಗೆದುಕೊಳ್ಳಿ ಎಂದರೂ ಹಣ ಕೊಡದೆ ಮುಟ್ಟುವುದಿಲ್ಲ ಎನ್ನುತ್ತಾರೆ. ಅವನು ಬೆರಗಾಗಿ, ‘ಅಬ್ದುಲ್ಲಾನಂಥವರನ್ನು ಕೊಲ್ಲುತ್ತೀರಿ, ನನ್ನಿಂದ ಖರ್ಜೂರ ಪಡೆಯುವುದಿಲ್ಲವೇ?’ ಎಂದು ಕೇಳುತ್ತಾನೆ.

ಈ ಪ್ರಸಂಗದ ಪ್ರತಿಯೊಂದು ವಿವರವೂ ನಡೆದಂತೆಯೇ ಬರೆದಿಟ್ಟದ್ದೆಂದು ನಾನು ಹೇಳುವುದಿಲ್ಲ. ಇದನ್ನು ದಾಖಲಿಸಿದವರು ಖಾರಿಜಿಗಳ ಎದುರಾಳಿಗಳು. ಆದರೆ ಹಂದಿಗೂ ಹಣ್ಣಿಗೂ ನ್ಯಾಯ ಸಿಗುವ, ತನ್ನದೇ ಧರ್ಮದ ಭಿನ್ನಮತೀಯನಿಗೆ ಸಿಗದ ಈ ವಿಪರೀತದಲ್ಲಿ ಒಂದು ತರ್ಕವಿದೆ. ಹೊರಗಿನವನು ಹೊರಗಿನವನೆಂದು ಮೊದಲೇ ಗೊತ್ತು. ಅವನಿಗೆ ರಕ್ಷಣೆಯ ಒಪ್ಪಂದವಿದೆ. ಒಳಗಿದ್ದೂ ಬೇರೆಯಾಗಿ ಯೋಚಿಸುವವನು ದ್ರೋಹಿ, ಅವನಿಗೆ ಯಾವ ಒಪ್ಪಂದವೂ ಇಲ್ಲ.

ಅಲಿಯವರು ಇವರೊಡನೆ ನಡೆದುಕೊಂಡ ರೀತಿ ಮುಂದಿನ ಕಾಲದ ಧರ್ಮಶಾಸ್ತ್ರಕ್ಕೆ ಮಾದರಿಯಾಯಿತು. ಮೊದಲು ಮಾತುಕತೆಗೆ ತಮ್ಮ ದಾಯಾದಿ, ಪಂಡಿತ ಇಬ್ನ್ ಅಬ್ಬಾಸರನ್ನು ಕಳುಹಿಸಿದರು. ಸಾವಿರಾರು ಮಂದಿ ಮರಳಿ ಬಂದರೆಂದು ಹೇಳುತ್ತಾರೆ. ಮಸೀದಿಗೆ ಬರುವುದನ್ನು ತಡೆಯುವುದಿಲ್ಲ, ಸಂಪತ್ತಿನ ಪಾಲನ್ನು ನಿಲ್ಲಿಸುವುದಿಲ್ಲ, ನೀವಾಗಿ ಯುದ್ಧ ಆರಂಭಿಸುವವರೆಗೆ ನಾವು ಆರಂಭಿಸುವುದಿಲ್ಲ ಎಂದು ಮಾತು ಕೊಟ್ಟರು. ಕೊಲೆಗಳು ನಡೆದ ಮೇಲೆ 658ರಲ್ಲಿ ನಹ್ರವಾನ್‌ನಲ್ಲಿ ಅವರನ್ನು ಸದೆಬಡಿದರು. ಆದರೆ ಅವರು ಕಾಫಿರರೇ ಎಂದು ಕೇಳಿದಾಗ, ಅವರು ಓಡಿಹೋದದ್ದೇ ಅವಿಶ್ವಾಸವೆಂಬ ಕುಫ್ರ್‌ನಿಂದ ತಪ್ಪಿಸಿಕೊಳ್ಳಲು ಎಂದು ಉತ್ತರಿಸಿದರಂತೆ. ಮೂರು ವರ್ಷಗಳ ನಂತರ, 661ರಲ್ಲಿ, ಕೂಫಾದ ಮಸೀದಿಯಲ್ಲಿ ಒಬ್ಬ ಖಾರಿಜಿಯ ಕತ್ತಿಯಿಂದಲೇ ಅಲಿಯವರು ಮಡಿದರು.

ಖಾರಿಜಿಗಳಲ್ಲೂ ಒಡಕಾಯಿತು. ನಾಫಿ ಇಬ್ನುಲ್ ಅಝ್ರಕ್‌ನ ಅನುಯಾಯಿಗಳು ತಮ್ಮೊಡನೆ ವಲಸೆ ಬಾರದ ಮುಸ್ಲಿಮರೆಲ್ಲರೂ ಕಾಫಿರರು, ಅವರ ಹೆಂಡಿರು ಮಕ್ಕಳ ರಕ್ತವೂ ಸಲ್ಲುತ್ತದೆ ಎಂಬಲ್ಲಿಗೆ ಹೋದರು. ಎರಡು ದಶಕಗಳೊಳಗೆ ನಿರ್ನಾಮವಾದರು. ಇರಾಕಿನ ಬಸ್ರಾ ನಗರದಲ್ಲಿ ಬೆಳೆದ ಇಬಾದಿ ಪಂಥದವರು ಬೇರೆ ದಾರಿ ಹಿಡಿದರು. ಪಾಪ ಮಾಡಿದ ಮುಸ್ಲಿಮನಲ್ಲಿ ಇರುವುದು ‘ಉಪಕಾರವನ್ನು ಮುಚ್ಚುವ ಕುಫ್ರ್’, ಅಂದರೆ ಕೃತಘ್ನತೆ. ಅವನೊಡನೆ ಮದುವೆಯಾಗಬಹುದು, ಆಸ್ತಿಯ ಹಕ್ಕು ಹಂಚಿಕೊಳ್ಳಬಹುದು, ಅವನನ್ನು ಕೊಲ್ಲುವಂತಿಲ್ಲ. ಆರಂಭದಲ್ಲಿ ಹೇಳಿದ ನಿಘಂಟಿನ ಅಂತರ ಇದೇ. ನಮ್ಮ ಕರಾವಳಿಯ ಎಷ್ಟೋ ಮನೆಗಳ ಮಕ್ಕಳು ದುಡಿಯಲು ಹೋಗಿರುವ ಮಸ್ಕತ್ ಇರುವುದು ಈ ಇಬಾದಿಗಳ ನಾಡಿನಲ್ಲಿ. ಒಮಾನಿನ ಸುಲ್ತಾನರ ಮನೆತನವೂ ಇಬಾದಿ. ತಮ್ಮನ್ನು ಖಾರಿಜಿಗಳೆಂದು ಕರೆಯುವುದನ್ನು ಅವರು ಒಪ್ಪುವುದಿಲ್ಲ.

ಖಾರಿಜಿಗಳಿಗೆ ಉತ್ತರವಾಗಿ ಹುಟ್ಟಿದ ಚಿಂತನೆಗೆ ‘ಇರ್ಜಾ’ ಎಂದು ಹೆಸರು, ಎಂದರೆ ಮುಂದೂಡುವುದು. ಉಸ್ಮಾನ್, ಅಲಿ ಇವರಲ್ಲಿ ಯಾರು ಸರಿ ಎಂಬ ತೀರ್ಪನ್ನು ಕೊನೆಯ ದಿನಕ್ಕೆ, ದೇವರಿಗೆ ಬಿಟ್ಟುಬಿಡೋಣ ಎಂದವರು ಇವರು. ಇದರ ಮೊದಲ ಬರಹಗಳಲ್ಲಿ ಒಂದು ಅಲಿಯವರ ಮೊಮ್ಮಗನೇ ಆದ ಹಸನ್ ಇಬ್ನ್ ಮುಹಮ್ಮದರದೆಂದು ಹೇಳುತ್ತಾರೆ. ಪಾಪದಿಂದ ವಿಶ್ವಾಸ ಕಳೆದುಹೋಗುವುದಿಲ್ಲ ಎಂದ ಇಮಾಮ್ ಅಬೂ ಹನೀಫಾರ ಮೇಲೂ ‘ಮುಂದೂಡುವವ’ ಎಂಬ ಆರೋಪ ಬಂದಿತ್ತು. ಕರಾವಳಿಯ ಬ್ಯಾರಿಗಳು, ಭಟ್ಕಳದ ನವಾಯತರು ಶಾಫಿ ಪಂಥದವರು. ಒಳನಾಡಿನ ಕರ್ನಾಟಕದ ಮುಸ್ಲಿಮರಲ್ಲಿ ಬಹುಪಾಲು ಮಂದಿ ಇದೇ ಅಬೂ ಹನೀಫಾರ ಪಂಥದವರು. ಆದರೆ ಇರ್ಜಾಕ್ಕೆ ಇನ್ನೊಂದು ಮಗ್ಗುಲೂ ಉಂಟು. ತೀರ್ಪನ್ನು ದೇವರಿಗೆ ಬಿಡಿ ಎಂಬ ಮಾತು ಕ್ರೂರ ಅರಸನ ಕಿವಿಗೂ ಬಹಳ ಹಿತವಾಗಿರುತ್ತದೆ.

ಇನ್ನು ಬಗ್ದಾದಿಗೆ ಬರೋಣ. ಉಗ್ರವಾದವೆಂದರೆ ಅಕ್ಷರಕ್ಕೆ ಅಂಟಿಕೊಂಡವರ ರೋಗ, ವಿಚಾರವಾದಿಗಳಿಗೆ ಅದು ತಗಲುವುದಿಲ್ಲ ಎಂಬ ನಂಬಿಕೆ ನಿಮ್ಮಲ್ಲಿ ಕೆಲವರಿಗಾದರೂ ಇರಬಹುದು. ಅಬ್ಬಾಸಿ ಖಲೀಫ ಮಾಮೂನ್ ಗ್ರೀಕ್ ತತ್ತ್ವಶಾಸ್ತ್ರವನ್ನು, ವೈದ್ಯ ಮತ್ತು ಗಣಿತ ಗ್ರಂಥಗಳನ್ನು ಅರಬ್ಬಿಗೆ ತರಿಸಿದವನು, ತರ್ಕಪ್ರಿಯನಾದ ದೊರೆ. ಅವನ ಆಸ್ಥಾನದಲ್ಲಿ ಮುಅ್‌ತಝಿಲಾ ಎಂಬ ವಿಚಾರವಾದಿ ಪಂಥಕ್ಕೆ ಮನ್ನಣೆಯಿತ್ತು. ಕುರ್‌ಆನ್ ದೇವರೊಡನೆ ಅನಾದಿಯಾಗಿ ಇದ್ದುದಲ್ಲ, ದೇವರು ಸೃಷ್ಟಿಸಿದ್ದು ಎಂಬುದು ಅವರ ಸಿದ್ಧಾಂತ. 833ರಲ್ಲಿ ಮಾಮೂನ್ ಬಗ್ದಾದಿನ ಅಧಿಕಾರಿಗೆ ಪತ್ರ ಬರೆದು, ನ್ಯಾಯಾಧೀಶರನ್ನೂ ಹದೀಸ್ ಪಂಡಿತರನ್ನೂ ಒಬ್ಬೊಬ್ಬರಾಗಿ ಕರೆಸಿ ಈ ಸಿದ್ಧಾಂತವನ್ನು ಒಪ್ಪಿಸುವಂತೆ ಆಜ್ಞಾಪಿಸಿದ. ‘ಮಿಹ್ನಾ’ ಎಂದು, ಎಂದರೆ ಪರೀಕ್ಷೆಯೆಂದು, ಚರಿತ್ರೆ ಇದನ್ನು ಕರೆಯುತ್ತದೆ.

ಬಹಳ ಜನ ಹೆದರಿ ಒಪ್ಪಿದರು. ಒಪ್ಪದವರಲ್ಲಿ ಅಹ್ಮದ್ ಇಬ್ನ್ ಹಂಬಲ್ ಒಬ್ಬರು. ಮಾಮೂನ್ ಅದೇ ವರ್ಷ ಸತ್ತ. ಅವನ ತಮ್ಮ ಮುಅ್‌ತಸಿಮ್ ಇಬ್ನ್ ಹಂಬಲರಿಗೆ ಛಡಿಯೇಟು ಹೊಡೆಸಿದ. ಮುಂದಿನ ಖಲೀಫ ವಾಸಿಕ್‌ನ ಕಾಲದಲ್ಲಿ, 845ರಲ್ಲಿ, ಬೈಜಾಂಟಿಯಂ ಸಾಮ್ರಾಜ್ಯದೊಡನೆ ಗಡಿಯ ನದಿಯೊಂದರ ಬಳಿ ಯುದ್ಧಕೈದಿಗಳ ವಿನಿಮಯ ನಡೆಯಿತು. ಅಲ್ಲಿಗೂ ಪರೀಕ್ಷಕರನ್ನು ಕಳುಹಿಸಲಾಯಿತು. ವರ್ಷಗಟ್ಟಲೆ ಶತ್ರುವಿನ ಸೆರೆಯಲ್ಲಿ ಕೊಳೆತು ಬಂದ ಮುಸ್ಲಿಮ್ ಕೈದಿಯನ್ನು ಕುರ್‌ಆನ್ ಸೃಷ್ಟಿಯಾದದ್ದೇ ಎಂದು ಕೇಳಿ, ಹೌದೆಂದವನನ್ನು ಬಿಡಿಸಿಕೊಂಡರು; ಇಲ್ಲವೆಂದವನನ್ನು ಶತ್ರುವಿನ ಕೈಯಲ್ಲೇ ಬಿಟ್ಟರು. ಸಿಫ್ಫೀನ್‌ನ ಖಾರಿಜಿಗೂ ಗ್ರೀಕ್ ತರ್ಕ ಓದಿದ ಈ ಪರೀಕ್ಷಕನಿಗೂ ಆ ನದಿಯ ದಡದಲ್ಲಿ ಎಷ್ಟು ವ್ಯತ್ಯಾಸ ಉಳಿದಿತ್ತು ಎಂದು ನಾನು ಬಹಳ ಸಲ ಯೋಚಿಸಿದ್ದೇನೆ.

ಮುತವಕ್ಕಿಲ್ ಪಟ್ಟಕ್ಕೆ ಬಂದ ಮೇಲೆ ಈ ಪರೀಕ್ಷೆ ನಿಂತಿತು. ಇಬ್ನ್ ಹಂಬಲ್ 855ರಲ್ಲಿ ತೀರಿಕೊಂಡಾಗ ಬಗ್ದಾದೇ ಅವರ ಶವದ ಹಿಂದೆ ನಡೆಯಿತು. ಮುಅ್‌ತಝಿಲಾ ಪಂಥವು ಮುಂದೆಯೂ ದೊಡ್ಡ ವಿದ್ವಾಂಸರನ್ನು ಕೊಟ್ಟಿತು; ಆದರೆ ಸುನ್ನಿ ಜನಸಾಮಾನ್ಯರ ಮನಸ್ಸಿನಲ್ಲಿ ಅದಕ್ಕೆ ಛಡಿಯ ವಾಸನೆ ಅಂಟಿಕೊಂಡಿತು, ಮತ್ತೆ ಹೋಗಲಿಲ್ಲ. ದೊರೆಯ ಛಡಿಯನ್ನು ಎರವಲು ಪಡೆದ ಸುಧಾರಣೆಯು ತನ್ನ ವಿರೋಧಿಯನ್ನು ಸಂತನನ್ನಾಗಿ ಮಾಡಿ ಹೋಯಿತು.

ಗಜಾಲಿಯವರ ಮಾತಿಲ್ಲದೆ ಈ ಕಥೆ ಮುಂದೆ ಹೋಗುವುದಿಲ್ಲ. 1111ರಲ್ಲಿ ತೀರಿಕೊಂಡ ಈ ಮಹಾಪಂಡಿತರು ತಕ್ಫೀರ್‌ಗೆ ಗಡಿ ಹಾಕಲೆಂದೇ ಒಂದು ಚಿಕ್ಕ ಗ್ರಂಥ ಬರೆದರು. ಸಾವಿರ ಅವಿಶ್ವಾಸಿಗಳನ್ನು ತಪ್ಪಾಗಿ ಬದುಕಲು ಬಿಡುವ ದೋಷವು ಒಬ್ಬ ಮುಸ್ಲಿಮನ ಒಂದಿಷ್ಟು ರಕ್ತವನ್ನು ತಪ್ಪಾಗಿ ಚೆಲ್ಲುವ ದೋಷಕ್ಕಿಂತ ಹಗುರ ಎಂಬ ಅರ್ಥದ ಮಾತು ಅವರದು. ಇದೇ ಗಜಾಲಿಯವರು ಇನ್ನೊಂದು ಪ್ರಸಿದ್ಧ ಗ್ರಂಥದಲ್ಲಿ ತತ್ತ್ವಜ್ಞಾನಿಗಳನ್ನು ಮೂರು ವಿಷಯಗಳಲ್ಲಿ ಕಾಫಿರರೆಂದೇ ಘೋಷಿಸಿದ್ದಾರೆ. ಎರಡೂ ಅವರದೇ ಬರಹ. ಒಂದನ್ನು ಮಾತ್ರ ಎತ್ತಿ ತೋರಿಸುವವರ ಬಗ್ಗೆ ನೀವು ಎಚ್ಚರದಿಂದಿರಬೇಕು.

ಒಂದು ಪದ ಎಷ್ಟು ದೂರ ಹೋಗಬಹುದು ಎಂಬುದಕ್ಕೆ ಮಾರ್ದಿನ್‌ನ ಫತ್ವಾ ಒಳ್ಳೆಯ ಉದಾಹರಣೆ. ಅದಕ್ಕೂ ಮೊದಲು ‘ಫತ್ವಾ’ ಪದದ ಬಗ್ಗೆ ಸ್ವಲ್ಪ. ಕನ್ನಡದಲ್ಲಿ ‘ಫತ್ವಾ ಹೊರಡಿಸಿದರು’ ಎಂದರೆ ಆಜ್ಞೆ ಮಾಡಿದರು, ಬೆದರಿಕೆ ಹಾಕಿದರು ಎಂಬ ಅರ್ಥ ಬಂದುಬಿಟ್ಟಿದೆ. ಅದು ಕೇಳಿದ ಪ್ರಶ್ನೆಗೆ ಪಂಡಿತನು ಕೊಡುವ ಅಭಿಪ್ರಾಯ. ನ್ಯಾಯಾಲಯದ ತೀರ್ಪಿಗಿರುವ ಬಲ ಅದಕ್ಕಿಲ್ಲ. ಇಬ್ನ್ ತೈಮಿಯಾ ಎಂಬ ಪಂಡಿತರು, 1263ರಲ್ಲಿ ಹರ್ರಾನ್‌ನಲ್ಲಿ ಹುಟ್ಟಿದವರು, ಮಂಗೋಲರ ಹಾವಳಿಯಿಂದ ಬಾಲ್ಯದಲ್ಲೇ ಊರು ಬಿಟ್ಟು ದಮಾಸ್ಕಸ್‌ಗೆ ಬಂದವರು. ಮಂಗೋಲರ ಅಧೀನದಲ್ಲಿದ್ದ ಮಾರ್ದಿನ್ ಪಟ್ಟಣ ಇಸ್ಲಾಮಿನ ನಾಡೋ, ಯುದ್ಧದ ನಾಡೋ ಎಂದು ಅವರನ್ನು ಕೇಳಿದಾಗ, ಎರಡೂ ಅಲ್ಲ, ಎರಡರ ಮಿಶ್ರಣ ಎಂದರು. ಅಲ್ಲಿನ ಮುಸ್ಲಿಮನನ್ನು ಅವನ ಅರ್ಹತೆಗೆ ತಕ್ಕಂತೆ ನಡೆಸಿಕೊಳ್ಳಬೇಕು, ಧರ್ಮಶಾಸ್ತ್ರದಿಂದ ಹೊರಗಾದವನನ್ನೂ ಅವನಿಗೆ ತಕ್ಕಂತೆ ನಡೆಸಿಕೊಳ್ಳಬೇಕು ಎಂದರು.

20ನೆಯ ಶತಮಾನದ ಆರಂಭದಲ್ಲಿ ಈ ಫತ್ವಾ ಅಚ್ಚಾದಾಗ ಎರಡನೆಯ ‘ಯುಆಮಲು’, ಅಂದರೆ ‘ನಡೆಸಿಕೊಳ್ಳಬೇಕು’ ಎಂಬ ಪದ, ‘ಯುಕಾತಲು’ ಎಂದಾಯಿತು. ಅದರ ಅರ್ಥ ‘ಅವನೊಡನೆ ಯುದ್ಧ ಮಾಡಬೇಕು’. ಅರಬ್ಬಿ ಲಿಪಿಯಲ್ಲಿ ಎರಡಕ್ಕೂ ಮೊದಲಕ್ಷರ ಒಂದೇ, ಕೊನೆಯಕ್ಷರ ಒಂದೇ. ಈ ತಪ್ಪು ಪಾಠವೇ ಮರುಮುದ್ರಣಗಳಲ್ಲಿ ಹರಡಿತು. 1981ರ ಅಕ್ಟೋಬರ್ 6ರಂದು ಈಜಿಪ್ಟಿನ ಅಧ್ಯಕ್ಷ ಅನ್ವರ್ ಸಾದಾತರನ್ನು ಕೊಂದ ಗುಂಪಿನ ಸಿದ್ಧಾಂತಿ ಅಬ್ದುಸ್ಸಲಾಮ್ ಫರಜ್, ವೃತ್ತಿಯಿಂದ ವಿದ್ಯುತ್ ಎಂಜಿನಿಯರ್, ತನ್ನ ಕಿರುಹೊತ್ತಗೆಯಲ್ಲಿ ಇಬ್ನ್ ತೈಮಿಯಾರ ಫತ್ವಾಗಳನ್ನು ಧಾರಾಳವಾಗಿ ಬಳಸಿದ್ದ. 2010ರಲ್ಲಿ ಅದೇ ಮಾರ್ದಿನ್‌ನಲ್ಲಿ, ಇಂದಿನ ತುರ್ಕಿಯಲ್ಲಿ, ವಿದ್ವಾಂಸರು ಸೇರಿ ದಮಾಸ್ಕಸ್‌ನ ಹಸ್ತಪ್ರತಿಯನ್ನೂ ಇಬ್ನ್ ತೈಮಿಯಾರ ಶಿಷ್ಯ ಇಬ್ನ್ ಮುಫ್ಲಿಹ್ ಉದ್ಧರಿಸಿದ ಪಾಠವನ್ನೂ ಮುಂದಿಟ್ಟು ಮುದ್ರಣದ ತಪ್ಪನ್ನು ತೋರಿಸಿದರು.

ಅಚ್ಚಿನ ತಪ್ಪಿನಿಂದ ಸಾದಾತ್ ಸತ್ತರು ಎಂದು ನಾನು ಹೇಳುತ್ತಿಲ್ಲ. ಮುಸ್ಲಿಮರಾದೆವೆಂದು ಹೇಳಿಕೊಂಡು ಚಂಗೀಸ್ ಖಾನನ ಕಟ್ಟಳೆಯನ್ನೇ ಪಾಲಿಸುವ ಮಂಗೋಲರ ವಿರುದ್ಧ ಹೋರಾಡಬೇಕು ಎಂದು ಇಬ್ನ್ ತೈಮಿಯಾ ಬೇರೆ ಕಡೆ ನಿಸ್ಸಂದಿಗ್ಧವಾಗಿ ಬರೆದಿದ್ದಾರೆ. ಆದರೆ ಅದು ಊರುಗಳನ್ನು ಸುಡುತ್ತ ಬಂದ ಸೇನೆಯೊಂದರ ಎದುರು ನಿಂತು ಬರೆದದ್ದು. ಅದನ್ನು ಏಳು ಶತಮಾನ ದಾಟಿಸಿ ಒಬ್ಬ ಅಧ್ಯಕ್ಷನ ಎದೆಗೆ ಗುರಿಯಿಟ್ಟವನು ಫರಜ್. ದಮಾಸ್ಕಸ್ ಕೋಟೆಯ ಸೆರೆಯಲ್ಲಿ 1328ರಲ್ಲಿ ಸತ್ತ ಇಬ್ನ್ ತೈಮಿಯಾ ತಮ್ಮ ಕೊನೆಯ ದಿನಗಳಲ್ಲಿ, ಈ ಸಮುದಾಯದ ಯಾರನ್ನೂ ನಾನು ಕಾಫಿರರೆನ್ನುವುದಿಲ್ಲ ಎನ್ನುತ್ತಿದ್ದರೆಂದು ಅವರನ್ನು ಬಲ್ಲ ಇತಿಹಾಸಕಾರ ಝಹಬಿ ಬರೆದಿದ್ದಾರೆ.

ಹದಿನೆಂಟನೆಯ ಶತಮಾನದ, ಅರೇಬಿಯಾದ ನಡುಭಾಗದ ನಜ್ದ್ ಪ್ರಾಂತದ ಮುಹಮ್ಮದ್ ಇಬ್ನ್ ಅಬ್ದುಲ್ ವಹ್ಹಾಬ್ ತಮ್ಮನ್ನು ತಾವು ಕಂಡುಕೊಂಡದ್ದು ಸುಧಾರಕನೆಂದೇ. ಗೋರಿಗಳ ಆರಾಧನೆ, ಮರಗಳಿಗೆ ಹರಕೆ, ಇವನ್ನೆಲ್ಲ ಕಿತ್ತೊಗೆದು ಏಕದೇವೋಪಾಸನೆಯನ್ನು ಶುದ್ಧಗೊಳಿಸುವುದು ಅವರ ಗುರಿ. 1744ರ ಸುಮಾರಿಗೆ ದಿರ್‌ಇಯ್ಯಾದ ಅಧಿಪತಿ ಮುಹಮ್ಮದ್ ಇಬ್ನ್ ಸಊದ್‌ರೊಡನೆ ಅವರು ಮಾಡಿಕೊಂಡ ಒಪ್ಪಂದದಿಂದ ಬೋಧನೆಗೆ ಕತ್ತಿ ಸಿಕ್ಕಿತು, ಕತ್ತಿಗೆ ಬೋಧನೆ ಸಿಕ್ಕಿತು. ಅವರನ್ನು ಮೊದಮೊದಲು ಖಂಡಿಸಿದವರಲ್ಲಿ ಸ್ವಂತ ಸಹೋದರ ಸುಲೈಮಾನರೂ ಒಬ್ಬರು. ಶತಮಾನಗಳಿಂದ ಮುಸ್ಲಿಮರು ಮಾಡಿಕೊಂಡು ಬಂದದ್ದಕ್ಕೆ ಎಲ್ಲರನ್ನೂ ಕಾಫಿರರೆನ್ನುವುದಕ್ಕೆ ಆಧಾರವೆಲ್ಲಿದೆ ಎಂಬುದು ಅವರ ಆಕ್ಷೇಪ. ವಿರೋಧಿಗಳು ಹೇಳುತ್ತಿದ್ದ ಒಂದು ಕಥೆಯಲ್ಲಿ ಸುಲೈಮಾನರು ಸಹೋದರನನ್ನು ಇಸ್ಲಾಮಿನ ಸ್ತಂಭಗಳು ಎಷ್ಟೆಂದು ಕೇಳುತ್ತಾರೆ. ಐದು ಎಂಬ ಉತ್ತರ ಬಂದಾಗ, ನೀನು ಆರು ಮಾಡಿದೆ, ನಿನ್ನನ್ನು ಅನುಸರಿಸದವನು ಮುಸ್ಲಿಮನಲ್ಲ ಎಂಬುದು ಆರನೆಯದು ಎನ್ನುತ್ತಾರೆ.

ಆ ಒಪ್ಪಂದದ ಸೇನೆ 19ನೆಯ ಶತಮಾನದ ಆರಂಭದಲ್ಲೇ ಶಿಯಾಗಳ ಪವಿತ್ರ ನಗರ ಕರ್ಬಲಾವನ್ನು ಲೂಟಿ ಮಾಡಿತು. 1818ರಲ್ಲಿ ಈಜಿಪ್ಟಿನ ಇಬ್ರಾಹಿಂ ಪಾಷಾ ದಿರ್‌ಇಯ್ಯಾವನ್ನು ನೆಲಸಮ ಮಾಡಿದ. ಮುಂದಿನ ಶತಮಾನದಲ್ಲಿ ಅದೇ ಮನೆತನದ ಅಬ್ದುಲ್ ಅಝೀಝ್ ಇಂದಿನ ಸೌದಿ ಅರೇಬಿಯಾವಾದ ಹೊಸ ರಾಜ್ಯ ಕಟ್ಟಿದಾಗ, ಅದನ್ನು ಕಟ್ಟಿಕೊಟ್ಟ ‘ಇಖ್ವಾನ್’ ಪಡೆಯೇ ದೊರೆಯನ್ನು ಸಾಕಷ್ಟು ಶುದ್ಧನಲ್ಲವೆಂದು ತಿರುಗಿಬಿತ್ತು. 1929ರಲ್ಲಿ ಸಬಿಲ್ಲಾದಲ್ಲಿ ಅವನು ಅವರನ್ನು ಹೊಸಕಿಹಾಕಬೇಕಾಯಿತು. 1979ರ ನವೆಂಬರ್ 20ರಂದು ಮಕ್ಕಾದ ಪವಿತ್ರ ಮಸೀದಿಯನ್ನು ಬಂದೂಕು ಹಿಡಿದು ವಶಪಡಿಸಿಕೊಂಡ ಜುಹೈಮಾನ್ ಅಲ್ ಉತೈಬಿ ಆ ಇಖ್ವಾನ್ ಪರಂಪರೆಯ ಕುಟುಂಬದಲ್ಲೇ ಹುಟ್ಟಿದವನು. ಶುದ್ಧತೆಯ ಅಳತೆಗೋಲನ್ನು ಕೈಗೆ ಕೊಟ್ಟವನನ್ನೂ ಅದೇ ಕೋಲಿನಿಂದ ಅಳೆಯಲಾಗುತ್ತದೆ.

ಆಧುನಿಕ ಸುಧಾರಕರಲ್ಲಿ ಈಜಿಪ್ಟಿನ ಮುಹಮ್ಮದ್ ಅಬ್ದುಹು ನನಗೆ ಬಹಳ ಮುಖ್ಯರೆನಿಸುತ್ತಾರೆ. 1899ರಲ್ಲಿ ದೇಶದ ಪ್ರಧಾನ ಮುಫ್ತಿಯಾದವರು, ಅಝ್ಹರ್ ವಿದ್ಯಾಕೇಂದ್ರದ ಶಿಕ್ಷಣವನ್ನು ತಿದ್ದಲು ಹೆಣಗಿದವರು. ಒಂದು ಮಾತಿಗೆ ನೂರು ಬಗೆಯಲ್ಲಿ ಕುಫ್ರ್‌ನ ಅರ್ಥ ಬರುವಂತಿದ್ದು ಒಂದೇ ಬಗೆಯಲ್ಲಿ ವಿಶ್ವಾಸದ ಅರ್ಥ ಬರುವಂತಿದ್ದರೂ, ಆ ಒಂದನ್ನೇ ಹಿಡಿಯಬೇಕು ಎಂಬುದನ್ನು ಅವರು ಇಸ್ಲಾಮಿನ ಮೂಲತತ್ತ್ವಗಳಲ್ಲೇ ಸೇರಿಸಿದರು. ಅವರು 1905ರಲ್ಲಿ ತೀರಿಕೊಂಡರು. ಅವರ ಈ ಸೂತ್ರ ಅವರದೇ ದೇಶದಲ್ಲಿ ಎಷ್ಟು ನಿಂತಿತು? 1995ರಲ್ಲಿ ಕೈರೋದ ಮೇಲ್ಮನವಿ ನ್ಯಾಯಾಲಯವು ಕುರ್‌ಆನ್ ವ್ಯಾಖ್ಯಾನದ ವಿದ್ವಾಂಸ ನಸ್ರ್ ಹಾಮಿದ್ ಅಬೂ ಝೈದ್ ಧರ್ಮಭ್ರಷ್ಟರೆಂದು ತೀರ್ಮಾನಿಸಿ, ಮುಸ್ಲಿಮ್ ಹೆಣ್ಣಿಗೆ ಇಂಥವನು ಗಂಡನಾಗಿರಲು ಬಾರದೆಂದು ಅವರ ಮದುವೆಯನ್ನೇ ರದ್ದು ಮಾಡಿತು. ಗಂಡಹೆಂಡಿರಿಬ್ಬರೂ ಒಟ್ಟಿಗೇ ದೇಶ ಬಿಟ್ಟು ನೆದರ್ಲೆಂಡ್ಸ್‌ನ ಲೈಡನ್ ಸೇರಿದರು.

ಸುಡಾನಿನ ಮಹಮೂದ್ ಮುಹಮ್ಮದ್ ತಾಹಾರ ಕಥೆ ಇನ್ನೂ ಕಠೋರ. ಮಕ್ಕಾದಲ್ಲಿ ಅವತೀರ್ಣವಾದ ವಚನಗಳ ಸಮಾನತೆ ಮತ್ತು ಸ್ವಾತಂತ್ರ್ಯದ ಸಂದೇಶವೇ ಶಾಶ್ವತ, ಮದೀನಾದ ಕಾನೂನುಗಳು ಆ ಕಾಲಕ್ಕೆ ಸಂದವು ಎಂದು ಅವರು ಬೋಧಿಸಿದರು. ಅಧ್ಯಕ್ಷ ನಿಮೇರಿ 1983ರಲ್ಲಿ ತಂದ ಷರೀಅತ್ ಕಾನೂನುಗಳನ್ನು ವಿರೋಧಿಸಿದರು. 1985ರ ಜನವರಿ 18ರಂದು, ತಮ್ಮ ಎಪ್ಪತ್ತರ ವಯಸ್ಸು ದಾಟಿದ ಮೇಲೆ, ಖಾರ್ಟೂಮ್‌ನ ಸೆರೆಮನೆಯಲ್ಲಿ ಅವರನ್ನು ಗಲ್ಲಿಗೇರಿಸಿದರು. ಅದೇ ಏಪ್ರಿಲ್‌ನಲ್ಲಿ ನಿಮೇರಿ ಅಧಿಕಾರ ಕಳೆದುಕೊಂಡ. ಮರುವರ್ಷ ಸುಡಾನಿನ ಸರ್ವೋಚ್ಚ ನ್ಯಾಯಾಲಯ ತಾಹಾರ ಮೇಲಿನ ತೀರ್ಪನ್ನು ರದ್ದುಪಡಿಸಿತು.

ಪೋಪನಂಥ ಒಬ್ಬ ಅಂತಿಮ ಅಧಿಕಾರಿ ಸುನ್ನಿ ಇಸ್ಲಾಮಿನಲ್ಲಿ ಇಲ್ಲ. ಅದು ಸ್ವಾತಂತ್ರ್ಯವೆಂದು ಬಹಳ ಜನ ಹೇಳುತ್ತಾರೆ, ನಾನೂ ಒಪ್ಪುತ್ತೇನೆ. ಆದರೆ ಯಾರಿಗೂ ಇಲ್ಲದ ಅಧಿಕಾರವನ್ನು ದೊರೆಯೋ, ಗುಂಪೋ, ಪುಸ್ತಕ ಓದಿದ ಎಂಜಿನಿಯರೋ ಎತ್ತಿಕೊಳ್ಳಬಹುದು ಎಂಬುದೂ ಇದರಲ್ಲೇ ಇದೆ. 2005ರ ಜುಲೈಯಲ್ಲಿ ಜೋರ್ಡಾನಿನ ಅಮ್ಮಾನ್‌ನಲ್ಲಿ ಸುಮಾರು 200 ವಿದ್ವಾಂಸರು ಸೇರಿ, ಎಂಟು ಪಂಥಗಳಲ್ಲಿ ಯಾವುದನ್ನು ಅನುಸರಿಸುವವನೂ ಮುಸ್ಲಿಮನೇ, ಅವನ ಮೇಲೆ ತಕ್ಫೀರ್ ಸಲ್ಲದು ಎಂದು ಒಪ್ಪಿದರು. ನಾಲ್ಕು ಸುನ್ನಿ ಪಂಥಗಳು, ಎರಡು ಶಿಯಾ ಪಂಥಗಳು, ಝಾಹಿರಿ, ಮತ್ತು ಇಬಾದಿ. ಆ ವರ್ಷದ ನವೆಂಬರ್‌ನಲ್ಲಿ ಅದೇ ಅಮ್ಮಾನ್‌ನ ಮೂರು ಹೋಟೆಲುಗಳಲ್ಲಿ ಆತ್ಮಾಹುತಿ ಬಾಂಬುಗಳು ಸಿಡಿದವು. ಒಂದು ಸಿಡಿದದ್ದು ಮದುವೆಯ ಔತಣ ನಡೆಯುತ್ತಿದ್ದ ಸಭಾಂಗಣದಲ್ಲಿ, ನೆರೆದಿದ್ದ ಮುಸ್ಲಿಮ್ ನೆಂಟರಿಷ್ಟರ ನಡುವೆ.

2014ರಲ್ಲಿ ಐಸಿಸ್ ಇರಾಕ್ ಮತ್ತು ಸಿರಿಯಾಗಳಲ್ಲಿ ತಲೆಗಳನ್ನು ಕಡಿಯುತ್ತಿದ್ದಾಗ, ಅವರನ್ನು ಕಾಫಿರರೆಂದು ಘೋಷಿಸಿಬಿಡಿ ಎಂಬ ಒತ್ತಾಯ ಅಝ್ಹರ್‌ನ ಮೇಲೆ ಬಂತು. ಡಿಸೆಂಬರ್‌ನಲ್ಲಿ ಅಝ್ಹರ್ ಕೊಟ್ಟ ಉತ್ತರ, ಪಾಪಗಳು ಎಷ್ಟೇ ಇರಲಿ, ವಿಶ್ವಾಸಿಯನ್ನು ಧರ್ಮಭ್ರಷ್ಟನೆಂದು ಘೋಷಿಸಲಾಗದು ಎಂಬುದು. ಅವರ ಕೃತ್ಯಗಳನ್ನು ಅದು ಖಂಡಿಸಿತು, ಅವರ ವಿರುದ್ಧ ಹೋರಾಡಬೇಕೆಂದಿತು. ಆ ಒಂದು ಪದವನ್ನು ಮಾತ್ರ ಆಡಲಿಲ್ಲ. ಈಜಿಪ್ಟಿನ ಪತ್ರಿಕೆಗಳಲ್ಲಿ ಹಲವರು ಇದನ್ನು ಹೇಡಿತನವೆಂದು ಬರೆದರು. ಅಬೂ ಝೈದರ ಪ್ರಕರಣದಲ್ಲಿ ನ್ಯಾಯಾಲಯ ಆಡಿದ ಪದವನ್ನು ಐಸಿಸ್ ವಿಷಯದಲ್ಲಿ ಆಡಲು ಹಿಂಜರಿಯುವ ದೇಶದ ಬಗ್ಗೆ ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೂ ಆ ಉತ್ತರವನ್ನು ಓದಿದಾಗ ನನಗೆ ನೆನಪಾದದ್ದು ನಹ್ರವಾನ್‌ನ ಹೆಣಗಳ ನಡುವೆ ನಿಂತು, ಇವರು ಕಾಫಿರರೇ ಎಂದು ಕೇಳಿದವನಿಗೆ ಅಲಿಯವರು ಕೊಟ್ಟ ಉತ್ತರ.